ಡೆಸ್ಕಿನಲ್ಲಿ ಮೂರನೇ ಒಂದು

ಎರಡನೇ ಕ್ಲಾಸಿನ ಟೀಚರಿಗೆ ಶಾಲೆಯವರು ಇಟ್ಟ ಹೆಸರು ಗಡಿಬಿಡಿ. ಅರ್ಧ ಬಾಚಿದ ತಲೆ, ಹೆಗಲಲ್ಲಿ ಚೀಲ, ಬಾಯಲ್ಲಿ ಬಿಸ್ಕತ್ತು. ಪಾಠ ಮಾತ್ರ ಗೇಟಿನಲ್ಲೇ ಶುರು. ವರ್ಷಗಟ್ಟಲೆ ಅದೇ ಕ್ಲಾಸು, ಅದೇ ಕೋಣೆ. ಹೆಡ್‌ಮಾಸ್ಟರ ಮುಂದೆ "ಆಯ್ತು ಸಾರ್" ಬಿಟ್ಟು ಬೇರೆ ಮಾತಾಡಿದವಳಲ್ಲ.

ಆವತ್ತು ಬೆಳಿಗ್ಗೆ ಅತ್ತೆಯ ಲಂಗಕ್ಕೆಂದು ತಂದಿದ್ದ ಹೊಸ ಲಾಡಿಯನ್ನು ಚೀಲಕ್ಕೆ ತುರುಕುವಾಗ ಸಿಕ್ಕಿಬಿದ್ದಳು.

"ಏನೇ ಅದು?"

"ಮಕ್ಕಳಿಗೆ ಮೂರನೇ ಒಂದು ಭಾಗ ಹೇಳ್ಕೊಡ್ಬೇಕು ಅತ್ತೆ. ಸಂಜೆ ತಂದ್ಕೊಡ್ತೀನಿ."

"ಅಲ್ಲೀವರೆಗೂ ಲಂಗ ಕೈಲಿ ಹಿಡ್ಕೊಂಡು ಓಡಾಡ್ಲಾ?"

ಅಷ್ಟರಲ್ಲಿ ಅವಳು ರಸ್ತೆಗಿಳಿದಾಗಿತ್ತು. ಒಂದು ಸಂಕಟ ಅವಳನ್ನು ಅಟ್ಟಿಸಿಕೊಂಡು ಬರುತ್ತಿತ್ತು. ಕ್ಲಾಸಿನಲ್ಲಿ ಎಲ್ಲರೂ ಕಡ್ಡಿ ಎಂದು ಕರೆಯುವ ಹುಡುಗಿಯ ಬರವಣಿಗೆ ಗೆರೆ ಬಿಟ್ಟು ಪುಟದ ಮೇಲಕ್ಕೆ ಹತ್ತಿಬಿಡುತ್ತಿತ್ತು. ಇವತ್ತಿನ ಉಕ್ತಲೇಖನವೂ ಹಾಗೇ ಆದರೆ ಒಂದನೇ ಕ್ಲಾಸಿಗೆ ವಾಪಸ್ ಎಂದು ಹೆಡ್‌ಮಾಸ್ಟರು ತೀರ್ಪು ಕೊಟ್ಟಾಗಿತ್ತು. ಮಗುವನ್ನು ಕೆಳಕ್ಕೆ ತಳ್ಳಲು ದೊಡ್ಡವರಿಗೆ ಒಂದು ಸಹಿ ಸಾಕು. ಪಕ್ಕದಲ್ಲಿ ಕೂತು ನೋಡುವ ತಾಳ್ಮೆ ಯಾರಿಗಿದೆ?

ಕ್ಲಾಸಿನ ಮುಂದಿನ ಸಾಲಿನ ಉದ್ದ ಡೆಸ್ಕಿನಲ್ಲಿ ಮೂವರು: ಗೋಡೆ ಕಡೆ ವಟವಟ ಎಂಬ ಮಾತಿನಮಲ್ಲ, ನಡುವೆ ಕಡ್ಡಿ, ಈಚೆ ಗುಂಡ. ಗುಂಡನೆಂದರೆ ಶಾಲಾ ಸಮಿತಿ ಅಧ್ಯಕ್ಷರ ಮಗ. ಟೀಚರ್ ಸೀಮೆಸುಣ್ಣವನ್ನು ಅವನ ಕೈಗಿಟ್ಟಳು.

"ಡೆಸ್ಕನ್ನ ಮೂರು ಭಾಗ ಮಾಡು, ನೋಡೋಣ."

ಗುಂಡ ನಟ್ಟನಡುವೆ ಒಂದು ಗೀಟು ಎಳೆದ. ಆಚೆಯ ಅರ್ಧದ ಮಧ್ಯಕ್ಕೆ ಇನ್ನೊಂದು. "ಆಯ್ತು ಟೀಚರ್! ಒಂದು, ಎರಡು, ಮೂರು. ದೊಡ್ಡದು ನಂದು!"

ಕ್ಲಾಸು ಹೋ ಎಂದು ನಕ್ಕಿತು. ಕಡ್ಡಿ ನಗಲಿಲ್ಲ.

"ಸರಿಯಾಗೇ ಇದೆ ಟೀಚರ್. ದಿನಾ ಹಿಂಗೇ ಇರತ್ತೆ. ನನ್ ಮೊಣಕೈಗೆ ಜಾಗಾನೇ ಸಿಗಲ್ಲ."

ಟೀಚರ್ ಬಗ್ಗಿ ನೋಡಿದಳು. ಈ ಕಡೆ ಗುಂಡ ಚಾಚಿದ ಕೈ, ಆ ಕಡೆ ವಟವಟನ ಪುಸ್ತಕದ ಗುಡ್ಡೆ, ಸಂದಿಯಲ್ಲಿ ಓರೆಯಾಗಿ ಸಿಕ್ಕಿಕೊಂಡ ಕಡ್ಡಿಯ ನೋಟ್‌ಬುಕ್ಕು! ಅಕ್ಷರ ನೆಟ್ಟಗೆ ಕೂರುವುದಾದರೂ ಹೇಗೆ?

"ಏಳ್ರೋ! ಲಾಡಿ ಹಿಡೀರಿ!"

ಅತ್ತೆಯ ಲಾಡಿಯನ್ನು ಡೆಸ್ಕಿನ ಉದ್ದಕ್ಕೆ ಕಚಕ್ಕನೆ ಕತ್ತರಿಸಿಯೇಬಿಟ್ಟಳು. ಎರಡಾಗಿ ಮಡಚುವುದು ಸುಲಭ, ತುದಿಗೆ ತುದಿ ಸೇರಿದರೆ ಮುಗಿಯಿತು. ಮೂರು ಮಡಿಕೆಯ ಕಥೆ ಬೇರೆ. ಒಂದು ಹಿಗ್ಗಿದರೆ ಇನ್ನೊಂದು ಕುಗ್ಗುತ್ತದೆ. ಮೂವರೂ ಒಂದೊಂದು ಮಡಿಕೆ ಹಿಡಿದು ಜಗ್ಗಾಡಿದರು.

"ನಿಂದು ಉದ್ದ ಇದೆ, ಬಿಡೋ!"

"ನಾನ್ಯಾಕ್ ಬಿಡ್ಲಿ? ನಮ್ಮಪ್ಪಂಗೆ ಹೇಳ್ತೀನಿ."

"ನಿಮ್ಮಪ್ಪ ಬಂದ್ರೂ ಲಾಡಿ ಬೆಳೆಯಲ್ಲ ಕಣೋ!" ಎಂದ ವಟವಟ.

ಗುಂಡ ಮೂತಿ ಊದಿಸಿಕೊಂಡು ಚೂರು ಬಿಟ್ಟ. ಮಡಿಕೆ ಮೂರೂ ಸಮವಾದವು. ಒಂದು ಮಡಿಕೆಯ ಅಳತೆಯನ್ನು ಡೆಸ್ಕಿನ ಮೇಲೆ ಸಾಲಾಗಿ ಇಡುತ್ತ ಹೋದರು. ಮೂರನೆಯದು ಅಂಚಿಗೆ ಸರಿಯಾಗಿ ಬಂದು ನಿಂತದ್ದೇ ತಡ, ಇಡೀ ಕ್ಲಾಸು ಕಿರುಚಿತು. ಗುಂಡನ ಗೀಟುಗಳನ್ನು ಒರೆಸಿ, ಕಡ್ಡಿಯ ಎರಡೂ ಬದಿಗೆ ಟೀಚರ್ ಹೊಸ ಗೀಟು ಎಳೆದಳು.

ಗಲಾಟೆಗೆ ಹೆಡ್‌ಮಾಸ್ಟರು ಓಡಿಬಂದರು. "ಏನಮ್ಮ, ಸಂತೇನಾ ಇದು? ಡೆಸ್ಕ್ ಮೇಲೆ ಗೀಚಿದೀರಲ್ಲ, ಅಳಿಸಿ!"

"ಅಳಿಸಲ್ಲ ಸಾರ್." ತನ್ನ ದನಿಗೆ ತಾನೇ ಬೆಚ್ಚಿದಳು. "ಉಕ್ತಲೇಖನ ಈಗ್ಲೇ ಕೊಡಿ. ಗೀಟು ಇರೋವಾಗ್ಲೇ."

ಅವರು ಹುಬ್ಬು ಗಂಟಿಕ್ಕಿ ಒಂದೊಂದೇ ವಾಕ್ಯ ಹೇಳಿದರು. ಗುಂಡನ ಮೊಣಕೈ ಅಭ್ಯಾಸಬಲದಿಂದ ಗೀಟು ದಾಟಿತು. "ಏಯ್, ಮೂರನೇ ಒಂದು!" ಎಂದು ಹಿಂದಿನವರೆಲ್ಲ ಕೂಗಿದರು. ಎಳೆದುಕೊಂಡ. ಕಡ್ಡಿ ನೋಟ್‌ಬುಕ್ಕನ್ನು ನೇರವಾಗಿಟ್ಟು, ಎರಡೂ ಮೊಣಕೈ ಊರಿ, ನಾಲಿಗೆ ಕಚ್ಚಿಕೊಂಡು ಬರೆದಳು.

ಹೆಡ್‌ಮಾಸ್ಟರು ಕನ್ನಡಕ ಸರಿಸಿ ನೋಡಿದರು. "ಒತ್ತಕ್ಷರ ತಪ್ಪಿದೆ."

"ತಿದ್ತೀನಿ ಸಾರ್. ಗೆರೆ ಬಿಟ್ಟಿದ್ದಾಳಾ ಹೇಳಿ."

ಬಿಟ್ಟಿರಲಿಲ್ಲ. "ಇಲ್ಲೇ ಇರ್ಲಿ," ಎಂದು ಗೊಣಗಿ ಹೊರಟುಹೋದರು. ಮಗುವಿನ ಮುಂದೆ 'ನನ್ನದು ತಪ್ಪಾಯಿತು' ಎನ್ನುವ ಅಭ್ಯಾಸ ನಮ್ಮ ಶಾಲೆಗಳಿಗೆ ಇನ್ನೂ ಬಂದಿಲ್ಲ.

"ಟೀಚರ್, ನಮ್ ಡೆಸ್ಕು! ನಾವು ನಾಲ್ಕು ಜನ!" ಹಿಂದಿನ ಸಾಲು ಎದ್ದು ನಿಂತಿತ್ತು.

"ಬಂದೆ, ಬಂದೆ!" ಎಂದು ಲಾಡಿ ಎತ್ತಿಕೊಂಡು ಎಲ್ಲರಿಗಿಂತ ಮೊದಲು ಓಡಿದ್ದು ಕಡ್ಡಿ.