ಸ್ಲೈಡಿನಲ್ಲಿ ಇಲ್ಲದ ಕೋಶಗಳು

"ಎಂತ ಇದು? ಎಲ್ಲ ಕೋಶವೂ ಒಂದೇ ತರ ಉಂಟಲ್ಲ!" ಎನ್ನುತ್ತಾ ರಮೀಝಾಳ ರೆಕಾರ್ಡ್ ಪುಸ್ತಕವನ್ನು ಮೇಜಿನ ಮೇಲೆ ಎಸೆದೆ. ನಾನು ಪಾಠ ಮಾಡುವ ಕಾಪುವಿನ ಕಾಲೇಜಿನಲ್ಲಿ ಅಂದು ಈರುಳ್ಳಿ ಬೇರಿನ ತುದಿಯ ಪ್ರಯೋಗ. ಇದ್ದದ್ದು ಒಂದೇ ಮೈಕ್ರೋಸ್ಕೋಪ್, ನಾನೇ ತಯಾರಿಸಿದ ಒಂದೇ ಸ್ಲೈಡ್. ಸರದಿಯಲ್ಲಿ ನೋಡಿದ ಉಳಿದವರೆಲ್ಲ ಕೋಶ ವಿಭಜನೆಯ ನಾಲ್ಕೂ ಹಂತಗಳನ್ನು ಅಂದವಾಗಿ ಬಿಡಿಸಿದ್ದರು. ಇವಳ ಪುಟದ ತುಂಬ ದುಂಡನೆಯ ಕೋಶಕೇಂದ್ರಗಳು, ಕೆಳಗೆ 'ಇಂಟರ್‌ಫೇಸ್' ಎಂಬ ಒಂದೇ ಪದ. ಎರಡು ವಿಭಜನೆಗಳ ನಡುವೆ, ಒಳಗೆ ತಯಾರಿ ನಡೆಸುತ್ತ ಕೋಶ ಹೊರಗೆ ಸುಮ್ಮನಿರುವಂತೆ ಕಾಣುವ ಅವಧಿ ಅದು. ಸುಲಭದ್ದನ್ನು ಬಿಡಿಸಿ ತಪ್ಪಿಸಿಕೊಂಡಿದ್ದಾಳೆ ಎಂದೇ ನನ್ನ ಗುಮಾನಿ. ಇಂಟರ್ನಲ್ ಅಂಕ ಕೊಡುವುದಿಲ್ಲ ಎಂದುಬಿಟ್ಟೆ.

"ಮೇಡಂ, ನನಗೆ ಕಂಡದ್ದೇ ಅದು. ನೀವೇ ಒಮ್ಮೆ ನೋಡಿ," ಎಂದಳು ಅಳು ತಡೆದುಕೊಂಡು.

ಅವಳ ಸುಳ್ಳು ಹಿಡಿಯಲೆಂದೇ ಬಗ್ಗಿದೆ. ಸ್ಲೈಡನ್ನು ಮೂಲೆಯಿಂದ ಮೂಲೆಗೆ ಸರಿಸಿದೆ. ವಿಭಜನೆಯಾಗುತ್ತಿದ್ದ ಒಂದು ಕೋಶವೂ ಅಲ್ಲಿರಲಿಲ್ಲ. ಕೋಶಗಳು ವಿಭಜನೆಯಾಗುವುದು ಬೇರಿನ ತುದಿಯಲ್ಲಿ; ಕತ್ತರಿಸುವಾಗ ನಾನೇ ಆ ತುದಿಯನ್ನು ಬಿಟ್ಟು ಮೇಲಿನ ಭಾಗವನ್ನು ಸ್ಲೈಡಿಗೆ ಹಾಕಿದ್ದೆ.

ಉಳಿದವರು ಬಿಡಿಸಿದ್ದು ಪಠ್ಯಪುಸ್ತಕದ ಚಿತ್ರ. ಅವಕ್ಕೆಲ್ಲ ಆಗಲೇ ಕೆಂಪು ಶಾಯಿಯಲ್ಲಿ 'ವೆರಿ ಗುಡ್' ಎಂದು ಬರೆದಾಗಿತ್ತು. ಈಗಲೂ ತೀರಾ ಅಂದದ ಚಿತ್ರ ಕಂಡರೆ ಸಂಶಯ ಬರುತ್ತದೆ, ಮೊದಲು ನನ್ನ ಪೆನ್ನಿನ ಮೇಲೆ.