ಬಗ್ಗಿದ್ದನ್ನು ನೆಟ್ಟಗೆ ಮಾಡುವ ಪಿನ್ನಕ್ಕ

ಈಗಷ್ಟೇ ಬೆಳಕು ಹರಿಯುತ್ತಿದೆ. ಓಣಿಯ ಅಂಗಡಿಗಳೆಲ್ಲ ಷಟರ್ ಎಳೆದುಕೊಂಡು ಮಲಗಿವೆ. ಮೂಲೆಯ ಒಂದು ಬಾಗಿಲು ಮಾತ್ರ ಅರ್ಧ ತೆರೆದಿದೆ. ಒಳಗೆ ಐವತ್ತು ದಾಟಿದ ಹೆಂಗಸೊಬ್ಬರು ಕಣ್ಣಿಗೆ ಗಡಿಯಾರ ರಿಪೇರಿಯವರ ಭೂತಗನ್ನಡಿ ಸಿಕ್ಕಿಸಿಕೊಂಡು, ಬಿಸ್ಕತ್ತಿನಗಲದ ಕಂಪ್ಯೂಟರ್ ಪ್ರೊಸೆಸರೊಂದನ್ನು ಅಂಗಾತ ಮಲಗಿಸಿಕೊಂಡು ಕೂತಿದ್ದಾರೆ. ಅದರ ಹೊಟ್ಟೆಯ ತುಂಬ ಕೂದಲೆಳೆಯಂಥ ಪಿನ್ನುಗಳು, ಸಾವಿರದ ಮೇಲೆ. ಒಂದು ಮೂಲೆಯಲ್ಲಿ ಅವು ತುಳಿದ ಹುಲ್ಲಿನಂತೆ ಒರಗಿವೆ. ಓಣಿಯವರು ಪಿನ್ನಕ್ಕ ಎಂದು ಕರೆಯುವ ಇವರ ಕೈಯಲ್ಲಿರುವುದು ಕಡ್ಡಿ ತೆಗೆದ ಕ್ಲಿಕ್ ಪೆನ್ಸಿಲ್ಲು. ಅದರ ಟೊಳ್ಳು ತುದಿಯನ್ನು ಪಿನ್ನಿಗೆ ತೊಡಿಸಿ, ಉಸಿರು ಬಿಗಿಹಿಡಿದು, ಎಳ್ಳಷ್ಟೇ ಎತ್ತುತ್ತಾರೆ.

"ಈಗ ಮಾತಾಡಿಸ್ಬೇಡಪ್ಪ," ಅನ್ನುತ್ತಾರೆ, ಇವರ ಬಗ್ಗೆ ಬರೆಯಲು ಬಂದ ನನಗೆ. "ಇದು ಒಂದ್ಸಲ ಬಗ್ಗುತ್ತೆ, ಒಂದ್ಸಲ ಏಳುತ್ತೆ. ಮೂರನೇ ಸಲಕ್ಕೆ ಮುರಿದು ಕೈಗೇ ಬರುತ್ತೆ."

ನಸುಕಿನಲ್ಲೇ ಕೂರಲು ಕಾರಣ ಪಕ್ಕದ ಬಡಗಿ. ಅವನು ಗರಗಸದ ಮೆಷಿನ್ ಹಾಕಿದರೆ ಮರದ ಪುಡಿ ಇವರ ಮೇಜಿನ ತನಕ ಹಾರುತ್ತದೆ. ಹಾಗಾಗಿ ಕಂಪ್ಯೂಟರಿನ ಡಬ್ಬ ಬಿಚ್ಚುವ ಕೆಲಸವೆಲ್ಲ ಅವನು ಬರುವ ಮುಂಚೆ. ಹಿಂದೆ ಇವರು ರೇಡಿಯೋ ಕಾರ್ಖಾನೆಯಲ್ಲಿದ್ದರು. ಸಣ್ಣ ಬೆರಳಿನ ಹುಡುಗಿಯರೇ ಬೇಕೆಂದು ಕರೆದು ವರ್ಷಗಟ್ಟಲೆ ದುಡಿಸಿಕೊಂಡವರು ಒಂದು ಬೆಳಿಗ್ಗೆ ಗೇಟಿಗೆ ಚೀಟಿ ಅಂಟಿಸಿ ಹೊರಟುಹೋದರು. ಒಬ್ಬನಾದರೂ ಎದುರಿಗೆ ನಿಂತು ಹೇಳಲಿಲ್ಲ. ಆ ಬೆರಳುಗಳನ್ನೇ ಬಂಡವಾಳ ಮಾಡಿಕೊಂಡು ಪಿನ್ನಕ್ಕ ಇಲ್ಲಿ ಮೇಜು ಹಾಕಿದರು. ಹಳೆಯ ಕಂಪ್ಯೂಟರಿಗೆ ಹೊಸ ಪ್ರೊಸೆಸರು, ಹೆಚ್ಚಿನ ಮೆಮೊರಿ ಹಾಕಿ ಇವತ್ತಿನ ಆಟಗಳು ಓಡುವಂತೆ ಮಾಡುವುದು ಇವರ ಕಸುಬು. ದಿನಕ್ಕೆ ಇಬ್ಬರೋ ಮೂವರೋ ಬರುತ್ತಾರೆ.

ಇವತ್ತು ಬೆಂಚಿನ ತುದಿಯಲ್ಲಿ ಕೂತಿರುವಾಕೆ ಲಾರಿ ಡ್ರೈವರೊಬ್ಬರ ಹೆಂಡತಿ. ಗಂಡನ ಬೆನ್ನು ಕೈಕೊಟ್ಟಿದೆ, ಇನ್ನು ಸ್ಟೇರಿಂಗ್ ಹಿಡಿಯುವಂತಿಲ್ಲ ಎಂದಿದ್ದಾರೆ ಡಾಕ್ಟರು. ಅವರು ಈಗ ಕಂಪ್ಯೂಟರಿನಲ್ಲಿ ಲಾರಿ ಓಡಿಸುತ್ತಾರೆ. ಹಳೆಯ ಜೊತೆಗಾರರೂ ರಜೆಯ ದಿನ ಅದೇ ಆಟಕ್ಕೆ ಬಂದು ಸಾಲಾಗಿ ಲಾರಿ ಬಿಡುತ್ತಾರೆ. ಆದರೆ ಕಂಪ್ಯೂಟರು ಹಳೆಯದಾದ್ದರಿಂದ ಇವರ ಲಾರಿ ಮಾತ್ರ ಪ್ರತಿ ತಿರುವಿನಲ್ಲೂ ನಿಂತುಬಿಡುತ್ತದೆ.

"ಅವ್ರೆಲ್ಲ ಮುಂದೆ ಹೋಗ್ಬಿಡ್ತಾರಕ್ಕ. ಇವ್ರು ಗೋಡೆ ಕಡೆ ತಿರುಗಿ ಮಲಗ್ತಾರೆ," ಎನ್ನುತ್ತಾರೆ ಹೆಂಡತಿ.

ದೊಡ್ಡ ಅಂಗಡಿಯವರು ಇಡೀ ಕಂಪ್ಯೂಟರನ್ನೇ ಕಸಕ್ಕೆ ಹಾಕಿ ಎಂದರಂತೆ. ಹೇಳುವವರ ಗಂಟೇನು ಹೋಗುತ್ತದೆ? ಕೊನೆಗೆ ಯಾರೋ ಬಳಸಿ ಬಿಟ್ಟ ಪ್ರೊಸೆಸರೊಂದನ್ನು ತಂದು ಗಂಡ ಹೆಂಡತಿ ತಾವೇ ಕೂರಿಸಲು ಹೋಗಿದ್ದಾರೆ. ಹಳೆಯದರ ಮೇಲಿನ ಫ್ಯಾನನ್ನು ತಣ್ಣಗಿರುವಾಗಲೇ ಎಳೆದಿದ್ದಾರೆ. ನಡುವಿನ ಪೇಸ್ಟು ಅಂಟಿನಂತೆ ಬಿಗಿದಿತ್ತು. ಫ್ಯಾನಿನ ಜೊತೆ ಪ್ರೊಸೆಸರೂ ಕಿತ್ತು ಬಂದು ನೆಲಕ್ಕೆ ಬಿದ್ದು ಪಿನ್ನುಗಳು ಬಗ್ಗಿದವು; ಈಗ ಮೇಜಿನ ಮೇಲಿರುವುದು ಅದೇ. ಹೋದರೆ ಹೋಗಲಿ ಎಂದು ಹೊಸದನ್ನು ಹಾಕಿದರೆ ಪರದೆ ಕಪ್ಪು.

ಹೊಸದರಲ್ಲಿ ದೋಷವಿಲ್ಲ. ಪ್ರೊಸೆಸರು ಕೂರುವ ಬೋರ್ಡಿನೊಳಗಿನ ಮೂಲ ಪ್ರೋಗ್ರಾಮು ಹಳೆಯ ಕಾಲದ್ದು, ಅದಕ್ಕೆ ಹೊಸ ಪ್ರೊಸೆಸರಿನ ಗುರುತೇ ಇಲ್ಲ. ಗುರುತು ಮಾಡಿಕೊಡಬೇಕಾದರೆ ಹಳೆಯ ಪ್ರೊಸೆಸರನ್ನೇ ಕೂರಿಸಿ ಯಂತ್ರವನ್ನು ಒಮ್ಮೆ ಎಬ್ಬಿಸಬೇಕು. ಪಿನ್ನಕ್ಕನ ಬಳಿ ಆ ಜಾತಿಯದು ಬೇರೊಂದಿಲ್ಲ. ಈಗ ಒಂದೇ ಒಂದು ಪಿನ್ನು ಮುರಿದರೂ ಹೊಸದೂ ದಂಡ.

"ಹಳೇದನ್ನ ಇವ್ರು ಎಸೀತಿದ್ರು. ನಾನೇ ಎತ್ತಿ ಗುಂಡಿ ಡಬ್ಬೀಲಿ ಹಾಕಿಟ್ಟೆ," ಎನ್ನುತ್ತಾರೆ ಹೆಂಡತಿ.

"ಪುಣ್ಯಾತ್ಗಿತ್ತಿ. ಡಬ್ಬಿ ನೋಡಿ ಗುಂಡೀನೂ ಹೊಲ್ಕೊಡು ಅಂತೀಯೇನೋ ಅನ್ಕೊಂಡಿದ್ದೆ."

ಕೊನೆಯ ಪಿನ್ನು ಎದ್ದು ನಿಲ್ಲುತ್ತದೆ. ಪಿನ್ನಕ್ಕ ಪ್ರೊಸೆಸರನ್ನು ಒತ್ತುವುದಿಲ್ಲ, ಜಾಗದ ಮೇಲೆ ಇಟ್ಟು ಬಿಡುತ್ತಾರೆ. ಅದು ತಾನಾಗೇ ಇಳಿಯುತ್ತದೆ. ಪೇಸ್ಟು, ಫ್ಯಾನು, ಸ್ವಿಚ್ಚು. ಪರದೆಯಲ್ಲಿ ಅಕ್ಷರ ಮೂಡುತ್ತದೆ. ಡ್ರೈವರ ಹೆಂಡತಿ ಎದ್ದು ನಿಲ್ಲುತ್ತಾರೆ.

"ಕೂತ್ಕೋ ತಾಯಿ, ಇನ್ನೂ ಇದೆ." ಪ್ರೋಗ್ರಾಮು ಬದಲಾಗುವಾಗ ಕರೆಂಟು ಹೋದರೆ ಬೋರ್ಡೇ ಸತ್ತಂತೆ. ಪಕ್ಕದ ಬಡಗಿ ಬೀಗ ತೆಗೆಯುವ ಸದ್ದು ಕೇಳಿ ಪಿನ್ನಕ್ಕ ಕೂಗುತ್ತಾರೆ: "ಅಣ್ಣಾ, ಮೆಷಿನ್ ಹಾಕ್ಬೇಡ, ಕರೆಂಟು ಜಗ್ಗುತ್ತೆ!"

"ಹಾಕಲ್ಲ ಬಿಡಮ್ಮ! ನಿನ್ನ ಕಾಟಕ್ಕೆ ಮಂಚನೆಲ್ಲ ಉಳೀಲೇ ಕೆತ್ತಬೇಕು ನಾನು!"

ಕೆಲಸ ಎಷ್ಟಾಯಿತೆಂದು ತೋರಿಸುವ ಪರದೆಯ ಮೇಲಿನ ಪಟ್ಟಿ ಇರುವೆಯಂತೆ ತೆವಳುತ್ತದೆ. ಪಟ್ಟಿ ತುಂಬಿದ ಮೇಲೆ ಪಿನ್ನಕ್ಕ ಫ್ಯಾನು ಬೆಚ್ಚಗಿರುವಾಗಲೇ ಮೆಲ್ಲಗೆ ತಿರುಚಿ ಬಿಡಿಸಿ, ಹೊಸ ಪ್ರೊಸೆಸರು ಕೂರಿಸುತ್ತಾರೆ. ಮೆಮೊರಿ ಪಟ್ಟಿಗಳ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಸಿಕ್ಕಿಸುತ್ತಾರೆ. ಆಟ ತೆರೆದುಕೊಳ್ಳುತ್ತದೆ. ಹೆಂಡತಿ ಮನೆಗೆ ಫೋನು ಮಾಡಿ ಸ್ಪೀಕರ್ ಹಾಕುತ್ತಾರೆ.

"ತಿರುವಲ್ಲಿ ನಿಲ್ಲುತ್ತೇನೇ?" ಡ್ರೈವರ ದನಿ.

"ಇರ್ರೀ, ಓಡಿಸ್ತಿದೀನಿ." ಲಾರಿ ತಿರುವು ದಾಟುತ್ತದೆ, ಇನ್ನೊಂದು ತಿರುವೂ ದಾಟುತ್ತದೆ. "ಎಲ್ಲೂ ನಿಲ್ಲಲಿಲ್ಲರೀ. ಕಂಬಕ್ಕೆ ಗುದ್ದೋ ತನಕ ಸಲೀಸಾಗಿ ಹೋಯ್ತು."

ಆ ಕಡೆಯಿಂದ ಮೊದಲು ಬೈಗುಳ, ಆಮೇಲೆ ಜೋರು ನಗು. ಹೆಂಡತಿ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಾ ನಿಲ್ಲುತ್ತಾರೆ.

ಪಿನ್ನಕ್ಕನಿಗೂ ಆಸೆಯೊಂದಿದೆ. "ಫ್ಯಾನ್ ಬಿಚ್ಚೋ ಮುಂಚೆ ಸ್ವಲ್ಪ ಹೊತ್ತು ಕಂಪ್ಯೂಟರ್ ಓಡಿಸಿ ಬೆಚ್ಚಗೆ ಮಾಡ್ಕೊಳಿ ಅಂತ ಎಲ್ರಿಗೂ ಗೊತ್ತಾಗ್ಬೇಕು. ಅಷ್ಟು ಬರಿ ಸಾಕು."

ಎಲ್ಲರಿಗೂ ಗೊತ್ತಾದರೆ ನಿಮ್ಮ ಕೆಲಸದ ಗತಿ, ಎಂದು ಕೇಳುತ್ತೇನೆ.

ಭೂತಗನ್ನಡಿ ಒರೆಸುತ್ತಾ ನಗುತ್ತಾರೆ. "ಜನ ಇನ್ನೇನಾದ್ರೂ ಬಗ್ಗಿಸ್ಕೊಂಡು ಬರ್ತಾರೆ ಬಿಡಪ್ಪ."