ಆರ್ಡಿಸ್ ಕಳೆದುಕೊಂಡ ಘಮ

ಕ್ಯೂಕಾ ಸರೋವರದ ಪಡುವಣ ದಂಡೆಯಲ್ಲಿ ಆರ್ಡಿಸ್ ವಿಕ್ಸಮ್ ಅಂದರೆ ಗೊತ್ತಿಲ್ಲದವರು ಕಡಿಮೆ. ಅವಳಿಗೆ ಸ್ವಂತ ತೋಟವೇನೂ ಇರಲಿಲ್ಲ. ಲೀಡೆಕರ್ ಮನೆತನದ ವೈನರಿಯಲ್ಲಿ, ಬಂದವರಿಗೆ ರುಚಿ ತೋರಿಸುವ ಉದ್ದನೆಯ ಮರದ ಕಟ್ಟೆಯ ಹಿಂದೆ ನಿಂತು, ಇಪ್ಪತ್ತಾರು ವರ್ಷ ಗ್ಲಾಸುಗಳಿಗೆ ವೈನ್ ಸುರಿದವಳು. ಅವಳ ಅಪ್ಪ ಅದೇ ವೈನರಿಯ ಇಳಿಜಾರು ತೋಟದಲ್ಲಿ ದ್ರಾಕ್ಷಿ ಬಳ್ಳಿ ಸವರುತ್ತಿದ್ದ. ಗಂಡ ಮರ್ಲ್ ಈಗಲೂ ಅಲ್ಲೇ ಟ್ರ್ಯಾಕ್ಟರ್ ಓಡಿಸುತ್ತಾನೆ.

ಅವಳು ಹೆಸರು ಮಾಡಿದ್ದು ಮೂಗಿನಿಂದ. ಹಳೆಯ ಯಜಮಾನ ಇದ್ದಾಗ ಹೊಸ ಪೀಪಾಯಿ ತೆರೆದ ದಿನ ಮೊದಲು ಅವಳನ್ನೇ ನೆಲಮಾಳಿಗೆಗೆ ಕರೆಸುತ್ತಿದ್ದ. ಬಫಲೋ, ರಾಚೆಸ್ಟರ್ ಕಡೆಯಿಂದ ವ್ಯಾನು ಮಾಡಿಕೊಂಡು ಬರುವವರು ದಿನಕ್ಕೆ ನಾಲ್ಕೈದು ವೈನರಿ ಸುತ್ತುತ್ತಾರೆ. ಮೂರನೆಯದು ಮುಗಿಯುವ ಹೊತ್ತಿಗೆ ಯಾವುದು ಎಲ್ಲಿ ಕುಡಿದದ್ದು ಅನ್ನುವುದು ನೆನಪಿರುವುದಿಲ್ಲ. ಆದರೆ ಆರ್ಡಿಸ್ ಹೇಳಿದ ಮಾತು ಊರಿಗೆ ಹೋದ ಮೇಲೂ ಉಳಿಯುತ್ತಿತ್ತು. ರೀಸ್ಲಿಂಗ್ ಅನ್ನುವ ಬಿಳಿ ವೈನ್ ಸುರಿದು, "ಹುಳಿ ಸೇಬನ್ನ ಈಗಷ್ಟೇ ಕಚ್ಚಿದಂಗೆ. ಆಮೇಲೆ ಮಳೆ ನಿಂತ ಮೇಲೆ ದೋಣಿಕಟ್ಟೆ ಕಲ್ಲು. ಅವಸರ ಮಾಡ್ಬೇಡಿ, ಕಲ್ಲು ಸ್ವಲ್ಪ ತಡವಾಗಿ ಬರುತ್ತೆ" ಅನ್ನುತ್ತಿದ್ದಳು. ಜನ ಗ್ಲಾಸಿನೊಳಗೆ ಮೂಗಿಟ್ಟು ಕಲ್ಲಿಗಾಗಿ ಕಾಯುತ್ತಿದ್ದರು.

ಅವಳಿಗೆ ಅರವತ್ತಮೂರು ತುಂಬಿದ ವರ್ಷ, ಫೆಬ್ರವರಿಯಲ್ಲಿ, ಜ್ವರ ಬಂತು. ಒಂದು ವಾರ ಹಾಸಿಗೆ ಬಿಡಲಿಲ್ಲ. ಎದ್ದ ದಿನ ಮರ್ಲ್ ಕಾಫಿ ತಂದುಕೊಟ್ಟರೆ ಅದು ಬರೀ ಬಿಸಿನೀರಿನ ಹಾಗಿತ್ತು. ನೆಗಡಿ ಇನ್ನೂ ಬಿಟ್ಟಿಲ್ಲ ಅಂದುಕೊಂಡಳು. ಮೂರು ದಿನ ಕಳೆದ ಮೇಲೆ ಮರ್ಲ್ ಒಲೆಯ ಮೇಲೆ ಹಂದಿಮಾಂಸದ ತುಂಡುಗಳನ್ನು ಹಾಕಿ ಹೊರಗೆ ಹಿಮ ಬಾಚಲು ಹೋದ. ವಾಪಸು ಬಂದು ನೋಡಿದರೆ ಬಾಣಲೆಯಲ್ಲಿ ಬರೀ ಕರಕಲು. ಆರ್ಡಿಸ್ ಅಡುಗೆಮನೆಗೆ ಬೆನ್ನು ಮಾಡಿ ಪೇಪರ್ ಓದುತ್ತಿದ್ದಾಳೆ.

"ಮನೆ ಹೊತ್ತಿ ಉರಿದ್ರೂ ಹೀಗೇ ಕೂತಿರ್ತೀಯೇನೆ?" ಅಂದ ಮರ್ಲ್, ಕಿಟಕಿ ತೆಗೆಯುತ್ತಾ.

ಆರ್ಡಿಸ್ ತಿರುಗಿ ಹೊಗೆ ನೋಡಿದಳು. "ನನಗೆ ವಾಸನೆ ಬರ್ಲಿಲ್ಲ ಮರ್ಲ್," ಅಂದಳು. "ಏನೂ ಬರ್ತಾ ಇಲ್ಲ."

ಪೆನ್ ಯಾನ್ ಊರಿನ ಡಾಕ್ಟರು ಅವಳ ಮೂಗಿಗೆ ಟಾರ್ಚು ಹಾಕಿ ನೋಡಿ, ಬರಬಹುದು, ಬರದೆಯೂ ಇರಬಹುದು, ಕಾಯಬೇಕು ಅಂದರು.

ಏಪ್ರಿಲ್‌ನಲ್ಲಿ ಜನ ಬರಲು ಶುರುವಾದಾಗ ಅವಳು ಯಾರಿಗೂ ಹೇಳಲಿಲ್ಲ. ಹುಳಿ, ಸಿಹಿ ನಾಲಿಗೆಗೆ ತಿಳಿಯುತ್ತಿತ್ತು. ಮಿಕ್ಕದ್ದೆಲ್ಲ ಬಾಯಿಪಾಠ. ಸುರಿದಳು, ಹೇಳಿದಳು, ಜನ ತಲೆದೂಗಿದರು. ಅವರು ಕಣ್ಣು ಮುಚ್ಚಿ ಗ್ಲಾಸನ್ನು ಮೂಸುವಾಗ ಅವಳು ಅವರ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು.

ಜೂನ್‌ನಲ್ಲಿ ಬಳ್ಳಿಗಳು ಹೂಬಿಟ್ಟವು. ದ್ರಾಕ್ಷಿಯ ಹೂವು ಕಣ್ಣಿಗೆ ಕಾಣುವುದೇ ಕಷ್ಟ, ಹಸಿರು ಪುಡಿಯ ಹಾಗಿರುತ್ತದೆ. ಹತ್ತು ದಿನ ಇದ್ದರೆ ಹೆಚ್ಚು. ಆ ಹತ್ತು ದಿನ ಆರ್ಡಿಸ್ ಪ್ರತಿ ವರ್ಷ ಅದರ ಘಮಕ್ಕಾಗಿ ಕೆಲಸಕ್ಕೆ ಕಾರು ಬಿಟ್ಟು ನಡೆದೇ ಹೋಗುತ್ತಿದ್ದಳು. ಈ ವರ್ಷವೂ ನಡೆದಳು. ಮೊದಲ ದಿನ ಸಾಲುಗಳ ನಡುವೆ ತುಂಬಾ ಹೊತ್ತು ನಿಂತಳು. ಎರಡನೆಯ ದಿನ ಕಾರಿನಲ್ಲಿ ಹೋದಳು.

"ಇವತ್ತು ತೋಟದಲ್ಲಿ ಏನು ವಾಸನೆ ಇತ್ತು?" ಅಂತ ಸಂಜೆ ಗಂಡನನ್ನು ಕೇಳಿದಳು.

"ಡೀಸೆಲ್ದು."

"ಅದಲ್ಲ. ಹೂವಿಂದು."

ಮರ್ಲ್ ಕತ್ತು ಕೆರೆದುಕೊಂಡ. "ಚೆನ್ನಾಗಿತ್ತು ಕಣೇ."

"ಚೆನ್ನಾಗಿತ್ತು ಅಂದ್ರೆ ಹೇಗೆ?"

"ಹೇಗೆ ಅಂದ್ರೆ? ಚೆನ್ನಾಗಿತ್ತು. ನಲವತ್ತು ವರ್ಷದಿಂದ ಮೂಸಿ ಮೂಸಿ ನೀನು ಹೇಳ್ತಿದ್ದೆ, ನಾನು ಹೂಂ ಅಂತಿದ್ದೆ. ಈಗ ಇದ್ದಕ್ಕಿದ್ದಂಗೆ ನನ್ನನ್ನ ಕೇಳಿದ್ರೆ ನಾನೆಲ್ಲಿಂದ ತರ್ಲಿ?"

ಅವಳಿಗೆ ನಗು ಬಂತು. ಮರುದಿನ ಅವನು ಹೂವಿದ್ದ ಒಂದು ಕುಡಿಯನ್ನು ಟೋಪಿಯೊಳಗಿಟ್ಟು ತಂದು ಅವಳ ತಟ್ಟೆಯ ಪಕ್ಕದಲ್ಲಿಟ್ಟ. ಅವಳು ಅದನ್ನು ದಿಂಬಿನ ಹತ್ತಿರ ಇಟ್ಟುಕೊಂಡು ಮಲಗಿದಳು. ಬೆಳಿಗ್ಗೆ ಎದ್ದಾಗ ಕೆನ್ನೆಗೆಲ್ಲ ಹಳದಿ ಪುಡಿ ಅಂಟಿತ್ತು.

ಅಕ್ಟೋಬರ್‌ನಲ್ಲಿ ಹೆಸ್ಟರ್ ಆಸ್ಟ್ರಾಂಡರ್ ಬಂದಳು. ಬಫಲೋದಲ್ಲಿ ಶಾಲೆಯ ಮೇಡಂ ಆಗಿ ನಿವೃತ್ತಳಾದ ಹೆಂಗಸು. ಹನ್ನೊಂದು ವರ್ಷದಿಂದ ಸುಗ್ಗಿಯ ಹೊತ್ತಿಗೆ ಐದು ಜನ ಗೆಳತಿಯರನ್ನು ಕಟ್ಟಿಕೊಂಡು ತಪ್ಪದೆ ಬರುತ್ತಿದ್ದಳು. ಆರ್ಡಿಸ್ ಹೊಸ ಬಾಟಲಿ ತೆರೆದು, ಅಭ್ಯಾಸಬಲದಿಂದ ಅದರ ಬಾಯಿಯನ್ನು ಮೂಸಿ, ಆರು ಗ್ಲಾಸಿಗೆ ಸುರಿದು, ಸೇಬು, ಕಲ್ಲು ಎಲ್ಲ ಹೇಳಿದಳು.

"ಹೌದೌದು, ಕಲ್ಲು ಬಂತು ನನಗೆ," ಅಂದಳು ಒಬ್ಬ ಗೆಳತಿ.

ಹೆಸ್ಟರ್ ಕುಡಿಯದೆ ಗ್ಲಾಸು ಕೆಳಗಿಟ್ಟಳು. "ನೀವೆಲ್ಲ ಗ್ಲಾಸು ಇಲ್ಲೇ ಇಟ್ಟು ಜಗಲಿಗೆ ಹೋಗಿ ಸರೋವರ ನೋಡ್ತಿರಿ, ಬಂದೆ," ಅಂತ ಅವರನ್ನು ಸಾಗಹಾಕಿ, ಕಟ್ಟೆಯ ಮೇಲೆ ಮೊಣಕೈ ಊರಿ ದನಿ ತಗ್ಗಿಸಿದಳು.

"ಆರ್ಡಿಸ್, ಈ ಬಾಟ್ಲಿ ಕೆಟ್ಟಿದೆ. ಬಿರಡೆ ಹಾಳಾಗಿದೆ. ನೆನೆದ ರಟ್ಟಿನ ಪೆಟ್ಟಿಗೆ ತರ ನಾರ್ತಿದೆ."

ಆರ್ಡಿಸ್ ಬಾಟಲಿಯನ್ನು ಮತ್ತೆ ಮೂಗಿಗೆ ಹಿಡಿದು ಕೆಳಗಿಟ್ಟಳು.

"ಇದನ್ನ ಕಂಡುಹಿಡಿಯೋದು ನನಗೆ ಕಲಿಸಿದ್ದೇ ನೀನು. ಎಷ್ಟು ದಿನದಿಂದ ಹೀಗೆ?"

"ಫೆಬ್ರವರಿಯಿಂದ."

"ಯಜಮಾನ್ರಿಗೆ ಗೊತ್ತಾ?"

"ಮರ್ಲ್ ಒಬ್ಬನಿಗೇ ಗೊತ್ತು."

ಹೆಸ್ಟರ್ ಆರೂ ಗ್ಲಾಸುಗಳನ್ನು ಒಂದೊಂದಾಗಿ ಬಕೆಟ್ಟಿಗೆ ಸುರಿದಳು. "ವೈನ್ ವಾಸನೆ ಇಲ್ಲದೆ ತುಂಬಾ ಕಷ್ಟ ಆಗ್ತಿರ್ಬೇಕು ಅಲ್ವಾ ನಿನಗೆ?"

"ವೈನ್ ಹಾಳಾಗ್ಲಿ," ಅಂದಳು ಆರ್ಡಿಸ್. ಕೈಯಲ್ಲಿದ್ದ ಬಟ್ಟೆಯನ್ನು ಮಡಿಸುತ್ತ ಬಿಚ್ಚುತ್ತ ಇದ್ದಳು. "ಈ ತಿಂಗಳು ಕಾರಿನ ಕಿಟಕಿ ಇಳಿಸಿದ್ರೆ ಹ್ಯಾಮಂಡ್ಸ್‌ಪೋರ್ಟ್‌ನಿಂದ ಇಲ್ಲೀವರೆಗೂ ಗಾಳಿಯೆಲ್ಲ ಹಣ್ಣೇ ಇರ್ತಿತ್ತು. ಅಪ್ಪ ಮನೆಗೆ ಬಂದು ಕೋಟು ತೂಗುಹಾಕಿದ್ರೆ ಕೋಣೆಯೆಲ್ಲ ಅದೇ. ಈಗ ಕಿಟಕಿ ಇಳಿಸಿದ್ರೆ ಚಳಿ ಬರುತ್ತೆ, ಅಷ್ಟೆ. ನಾನು ಹುಟ್ಟಿದ ಊರಲ್ಲೇ ಇದ್ದೀನಿ ಹೆಸ್ಟರ್. ಆದ್ರೆ ಎಲ್ಲೋ ಪರದೇಶದಲ್ಲಿ ಕೂತು ನಮ್ಮೂರಿನ ಫೋಟೋ ನೋಡ್ತಿರೋ ಹಂಗಾಗುತ್ತೆ."

ಹೆಸ್ಟರ್ ಸಮಾಧಾನದ ಮಾತು ಹುಡುಕಲಿಲ್ಲ. "ಇವತ್ತೇ ಹೇಳ್ಬಿಡು ಯಜಮಾನ್ರಿಗೆ," ಅಂದಳು ಅಷ್ಟೆ.

ಯಜಮಾನ ಕರ್ಟ್ ಲೀಡೆಕರ್ ಸಂಜೆ ಅಂಗಳದಲ್ಲಿ ಪಂಪಿನ ಪೈಪು ತೊಳೆಯುತ್ತಿದ್ದ. ಅವನು ತೊಟ್ಟಿಲಲ್ಲಿದ್ದಾಗಿನಿಂದ ಆರ್ಡಿಸ್ ಅವನನ್ನು ಬಲ್ಲಳು. ಸುತ್ತಿಬಳಸದೆ ಹೇಳಿದಳು.

"ಗೊತ್ತಿತ್ತು ಆರ್ಡಿಸ್," ಅಂದ ಕರ್ಟ್.

"ಹೇಗೆ ಗೊತ್ತು ನಿನಗೆ?"

"ಜುಲೈನಲ್ಲಿ ನೆಲಮಾಳಿಗೆ ಮೆಟ್ಟಿಲ ಕೆಳಗೆ ಇಲಿ ಸತ್ತಿತ್ತಲ್ಲ. ಎಲ್ರೂ ಮೂಗು ಮುಚ್ಕೊಂಡು ಹೊರಗೆ ಓಡಿದ್ರು. ನೀವು ಮಾತ್ರ ಹಾಡು ಗುನುಗ್ತಾ ಗ್ಲಾಸು ಒರೆಸ್ತಿದ್ರಿ."

"ಮತ್ಯಾಕೆ ಸುಮ್ನಿದ್ದೆ?"

"ನೀವಾಗಿ ಹೇಳ್ತೀರ ಅಂತ ಕಾದೆ." ಅವನು ನಲ್ಲಿ ನಿಲ್ಲಿಸಿದ. "ಕೆಲಸ ಬಿಡೋ ಮಾತು ಬೇಡ. ಬಾಟ್ಲಿ ತೆಗೆದು ಮೂಸೋದು ನನ್ನ ಹೆಂಡ್ತಿ ನೋಡ್ಕೊಳ್ತಾಳೆ, ಸುರಿಯೋದು ನೀವು. ಆದ್ರೆ ಒಂದು ಮಾತು. ನಿಮಗೆ ಬರದೇ ಇರೋದನ್ನ ಬರ್ತಿದೆ ಅಂತ ಜನಕ್ಕೆ ಹೇಳ್ಬೇಡಿ."

ಆ ಮಾತು ಅವಳಿಗೆ ಚುಚ್ಚಿತು. ಸರಿಯಾದ ಮಾತೇ ಆದ್ದರಿಂದ ಇನ್ನೂ ಹೆಚ್ಚಾಗಿ ಚುಚ್ಚಿತು.

ಮುಂದಿನ ಶನಿವಾರ ಮೊದಲ ವ್ಯಾನಿನವರು ಕಟ್ಟೆಗೆ ಬಂದಾಗ, ಸುರಿದಾದ ಮೇಲೆ ಅವಳು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಜ್ವರ ಬಂದು ನನ್ನ ಮೂಗು ಹೋಗಿದೆ. ಏನು ಬರ್ತಿದೆ ಅಂತ ನೀವೇ ನನಗೆ ಹೇಳ್ಬೇಕು," ಅಂದಳು.

ಜನ ಮುಖ ಮುಖ ನೋಡಿಕೊಂಡರು. ಕೊನೆಗೆ ಸಿರಕ್ಯೂಸ್‌ನಿಂದ ಬಂದಿದ್ದ, ಕೊಳಾಯಿ ಕೆಲಸದ ದಪ್ಪನೆಯ ಮನುಷ್ಯನೊಬ್ಬ ಗಂಟಲು ಸರಿಮಾಡಿಕೊಂಡ. "ನಮ್ಮಜ್ಜಿ ಮನೇಲಿ ಕೆಳಗಡೆ ಒಂದು ಕೋಣೆ ಇತ್ತು. ಚಳಿಗಾಲಕ್ಕೆ ಅಂತ ಸೇಬನ್ನ ಪೇಪರ್‌ನಲ್ಲಿ ಸುತ್ತಿ ಇಡ್ತಿದ್ಲು. ಬಾಗಿಲು ತೆಗೆದ್ರೆ ಹೀಗೇ ಬರ್ತಿತ್ತು."

"ಮೂವತ್ತು ವರ್ಷದಲ್ಲಿ ನನಗೆ ಒಂದಿನಾನೂ ಹೇಳಿಲ್ವಲ್ಲ ಇದನ್ನ," ಅಂದಳು ಅವನ ಹೆಂಡತಿ.

"ನೀನು ಕೇಳಿದ್ರೆ ತಾನೆ?"

"ನನಗೆ ವೈನ್ ತರ ವಾಸನೆ ಬರ್ತಿದೆ," ಅಂತ ಕೊನೆಯಲ್ಲಿದ್ದವನು ಅಂದಾಗ ಎಲ್ಲರೂ ನಕ್ಕರು. ಆರ್ಡಿಸ್ ಕೂಡ ನಕ್ಕಳು.

ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಜನ ಹೇಳುತ್ತಿದ್ದರು: ಒಗೆದು ಒಣಹಾಕಿದ ಹಾಸಿಗೆ ಬಟ್ಟೆ, ಚರ್ಚಿನ ಹಳೆಯ ಬೆಂಚು, ಯಾವಳೋ ಹುಡುಗಿಯ ಕೂದಲು. ಅವಳು ಒಬ್ಬೊಬ್ಬರನ್ನೂ ಬಿಡದೆ ಕೇಳುತ್ತಿದ್ದಳು. ಕೆಲವು ದಿನ ಅದನ್ನೆಲ್ಲ ಕೇಳಿ ಮನಸ್ಸು ಹಗುರಾಗುತ್ತಿತ್ತು. ಕೆಲವು ದಿನ ಮನೆಗೆ ಹೋಗುವಾಗ ಸರೋವರದ ಪಕ್ಕ ಕಾರು ನಿಲ್ಲಿಸಿ, ಅಳು ನಿಲ್ಲುವ ತನಕ ಕೂತು ಹೋಗುತ್ತಿದ್ದಳು.

ಮತ್ತೊಂದು ಸುಗ್ಗಿ ಬಂತು. ಕಟಾಬಾ ಜಾತಿಯ ದ್ರಾಕ್ಷಿ ಕೊಯ್ಯುತ್ತಿದ್ದ ಒಂದು ಬೆಳಿಗ್ಗೆ ಅವಳು ಸಾಲಿನ ತುದಿಯಲ್ಲಿದ್ದ ಮರ್ಲ್‌ಗೆ ಊಟದ ಡಬ್ಬಿ ಕೊಡಲು ಹೋದಳು. ಸುಮ್ಮನೆ ಒಂದು ಗೊಂಚಲು ಎತ್ತಿ ಮುಖಕ್ಕೆ ಹಿಡಿದವಳು ಹಾಗೇ ನಿಂತುಬಿಟ್ಟಳು. ಮರ್ಲ್ ಇಂಜಿನ್ ನಿಲ್ಲಿಸಿ ಇಳಿದು ಬಂದ.

"ಬಂತೇನೆ?"

"ಬಂತು. ಆದ್ರೆ ಹಣ್ಣಿಂದಲ್ಲ. ಸುಟ್ಟ ಕೂದಲಿನ ವಾಸನೆ."

ಮರ್ಲ್ ಗೊಂಚಲು ಇಸಿದುಕೊಂಡು ತಾನೂ ಮೂಸಿದ. "ಸರಿಯಾಗೇ ಇದೆಯಲ್ಲ. ದ್ರಾಕ್ಷಿ."

"ಕೊಡು ಇಲ್ಲಿ," ಅಂತ ಅವಳು ಮತ್ತೆ ಮುಖ ಹುದುಗಿಸಿದಳು. ಕಣ್ಣಲ್ಲಿ ನೀರು ಬಂತು, ಆದರೆ ಮುಖ ತೆಗೆಯಲಿಲ್ಲ.

ನರಗಳು ಹೊಸದಾಗಿ ಕಲಿಯುತ್ತಿವೆ, ಕೆಲವರಿಗೆ ಸರಿಯಾಗುತ್ತೆ, ಕೆಲವರಿಗೆ ಹೀಗೇ ಉಳಿಯುತ್ತೆ ಅಂತ ಡಾಕ್ಟರು ಫೋನಿನಲ್ಲಿ ಹೇಳಿದರು. ಅವಳು ಕೊಯ್ಲು ನಡೆದಷ್ಟು ದಿನವೂ ಕೆಲಸಕ್ಕೆ ಮುಂಚೆ ಅಲ್ಲಿಗೆ ಹೋಗಿ ಒಂದು ಗೊಂಚಲು ಮೂಸಿದಳು. ದಿನವೂ ಅದೇ ಸುಟ್ಟ ಕೂದಲು. ಕೊಯ್ಲಿನ ಕಡೆಯ ದಿನ ಅದರ ಹಿಂದೆ, ದೂರದಲ್ಲಿ, ಏನೋ ಸಿಹಿ ಸುಳಿದ ಹಾಗಾಯಿತು. ಅದು ಹಣ್ಣಿನಿಂದ ಬಂತೋ, ತನ್ನ ನೆನಪಿನಿಂದ ಬಂತೋ ಅವಳಿಗೆ ಹೇಳಲಾಗಲಿಲ್ಲ. ಸಂಜೆ ಕೆಲಸ ಮುಗಿಸಿ, ಇನ್ನೊಂದು ಸಲ ನೋಡೋಣವೆಂದು ಹೋಗಿ ಸಾಲಿನುದ್ದಕ್ಕೂ ಎಲೆ ಸರಿಸಿ ಸರಿಸಿ ಹುಡುಕಿದಳು. ಕೊಯ್ಯುವವರು ಒಂದು ಗೊಂಚಲೂ ಬಿಟ್ಟಿರಲಿಲ್ಲ.